ಕುಪ್ಯ ಬಾಡಿಗೆಗೆ ಇಟ್ಟರೆ ತಪ್ಪೇನು?

ಪ್ರಶ್ನೆ: ನಾವು ಬೆಂಗಳೂರಿನವರು. ಮಡಿಕೇರಿ ಹತ್ತಿರ ಹೋಂಸ್ಟೇ ನಡೆಸುತ್ತೇವೆ. ಅತಿಥಿಗಳು ಫೋಟೋ ತೆಗೆಸಿಕೊಳ್ಳಲಿ ಎಂದು ನಾಲ್ಕು ಬಿಳಿ ಕುಪ್ಯ (ಕೊಡವ ಗಂಡಸರ ಉದ್ದ ನಿಲುವಂಗಿ), ಸೊಂಟಕ್ಕೆ ಕಟ್ಟುವ ಚೇಲೆ, ಅದಕ್ಕೆ ಸಿಕ್ಕಿಸುವ ಪೀಚೆಕತ್ತಿ ತಂದಿಟ್ಟು, ‘ಬಾಡಿಗೆ 300 ರೂಪಾಯಿ’ ಎಂದು ಬೋರ್ಡು ಹಾಕಿದೆವು. ಪಕ್ಕದ ತೋಟದ ಕೊಡವ ಹಿರಿಯರು ಅದನ್ನು ನೋಡಿದ ಮೇಲೆ ನಮ್ಮ ಜೊತೆ ಮಾತೇ ಆಡುತ್ತಿಲ್ಲ. ಅವರ ಸಂಸ್ಕೃತಿ ಮೇಲಿನ ಪ್ರೀತಿಯಿಂದಲೇ ಮಾಡಿದ್ದು ಅಲ್ವಾ?

ಉತ್ತರ: ಪ್ರೀತಿ ಇದ್ದಿರಬಹುದು. ಆದರೆ ಬಿಳಿಯದನ್ನೇ ಏಕೆ ತಂದಿರಿ? ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ಇರಬೇಕು. ಮದುವೆಗೆ ಬಂದ ಕೊಡವ ಗಂಡಸರು ತೊಡುವುದು ಕಪ್ಪು ಕುಪ್ಯ. ಬಿಳಿಯದು ಮದುಮಗನಿಗೆ. ತೀರಿಕೊಂಡವರ ದೇಹಕ್ಕೆ ತೊಡಿಸುವುದೂ ಬಿಳಿಯದೇ. ನಿಮ್ಮ ನೆರೆಯವರು ಕೊನೆಯ ಸಲ ಬಿಳಿ ಕುಪ್ಯ ಕಂಡದ್ದು ತಮ್ಮ ತಂದೆಯ ಮೈಮೇಲೋ ಏನೋ. ಈಗ ಅದನ್ನೇ ತೊಟ್ಟು ಯಾರೋ ನಾಲಿಗೆ ಚಾಚಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದಾರೆ. ಪೀಚೆಕತ್ತಿಯೂ ಆಟದ ಸಾಮಾನಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳನ್ನು ಇಟ್ಟು ಪೂಜೆ ಮಾಡುವ ಮನೆಗಳಿವು.

ಹಾಗಂತ ಬೇರೆಯವರದ್ದು ಯಾವುದನ್ನೂ ಮುಟ್ಟಬಾರದು ಅಂತಲ್ಲ. ಹಂದಿಮಾಂಸದ ಪಂದಿಕರಿ, ಅಕ್ಕಿಯ ಕಡಂಬುಟ್ಟು ಕೇಳಿ ತಿಂದರೆ ಯಾರೂ ಮುಖ ಗಂಟಿಕ್ಕುವುದಿಲ್ಲ, ಇನ್ನೊಂದು ಸೌಟು ಬಡಿಸುತ್ತಾರೆ. ನೆರಿಗೆ ಹಿಂದಕ್ಕೆ ಬರುವ ಹಾಗೆ ಸೀರೆ ಉಡುವುದನ್ನು ಕೊಡವ ಅತ್ತೆಯರೇ ಹೊರಗಿನ ಹುಡುಗಿಯರಿಗೆ ಕಲಿಸಿಕೊಡುತ್ತಾರೆ. ಅಲ್ಲಿ ಮನೆಯವರು ಕರೆದು ಕೊಟ್ಟರು. ನೀವು ಕೇಳದೆ ತೆಗೆದುಕೊಂಡಿರಿ, ಮೇಲೆ ಬೆಲೆಯನ್ನೂ ಕಟ್ಟಿದಿರಿ.

ದುಡ್ಡು ಸೇರಿದರೆ ನೋವು ಜಾಸ್ತಿಯೇ. 2019ರಲ್ಲಿ ಗುಚ್ಚಿ ಎಂಬ ಫ್ಯಾಷನ್ ಕಂಪನಿಯ ಪೇಟವೊಂದು ಅಮೆರಿಕದಲ್ಲಿ ಸುಮಾರು 800 ಡಾಲರ್‌ಗೆ ಮಾರಾಟಕ್ಕೆ ಬಂತು. ಸಿಖ್ಖರು ಸಿಟ್ಟಾದರು. ಪೇಟ ಅವರಿಗೆ ಧರ್ಮದ ಗುರುತು. ಅದನ್ನು ಸುತ್ತಿದ್ದಕ್ಕೇ 2001ರ ಸೆಪ್ಟೆಂಬರ್ ದಾಳಿಯ ನಂತರ ಆ ದೇಶದಲ್ಲಿ ಸಿಖ್ಖರ ಮೇಲೆ ಹಲ್ಲೆಯಾಯಿತು, ಕೊಲೆಯೂ ನಡೆಯಿತು. ತಾವು ಪೆಟ್ಟು ತಿಂದ ಬಟ್ಟೆ ಅಂಗಡಿಯಲ್ಲಿ ಬರೀ ಫ್ಯಾಷನ್ ಆಗಿ ಕೂತರೆ ಹೇಗನ್ನಿಸಬೇಡ?

‘ಕುಪ್ಯ ಕೊಡವರೊಬ್ಬರದ್ದೇನಲ್ಲ’ ಎಂದು ನಿಮಗೆ ಯಾರಾದರೂ ಹೇಳಬಹುದು. ನಿಜ, ಕೊಡಗಿನ ಇನ್ನೂ ಕೆಲವು ಸಮುದಾಯದವರು ತೊಡುತ್ತಾರೆ. ಆದರೆ ಅವರ್‍ಯಾರೂ ಅದನ್ನು ಫೋಟೋದ ಆಸೆಗೆ ತೊಡುವವರಲ್ಲ.

ಮೊದಲು ಬೋರ್ಡು ತೆಗೆಯಿರಿ. ಆಮೇಲೆ ಅವರ ಮನೆಗೆ ಹೋಗಿ. ವಾಟ್ಸ್ಆ್ಯಪ್‌ನಲ್ಲಿ ಸಾರಿ ಕಳಿಸಬೇಡಿ, ಪ್ರೀತಿಯ ವಿವರಣೆಯೂ ಬೇಡ. ‘ಗೊತ್ತಿಲ್ಲದೆ ಮಾಡಿದೆವು ಅಂಕಲ್’ ಅಂದರೆ ಸಾಕು. ಬೋರ್ಡು ಇಳಿದದ್ದು ಅವರಿಗೆ ಅಷ್ಟರಲ್ಲೇ ಗೊತ್ತಾಗಿರುತ್ತದೆ, ಪಕ್ಕದ ತೋಟ ತಾನೆ.