ಯಜಮಾನರ ಮರಗೆಲಸಕ್ಕೆ ನಾನೇನು ಮಾಡಲಿ?

ಪ್ರಶ್ನೆ: ಮೇಡಂ, ನಮ್ಮ ಯಜಮಾನರು ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಈಚೆಗೆ ಮರಗೆಲಸದ ಹುಚ್ಚು ಹತ್ತಿದೆ. ನಮ್ಮದು ಎರಡು ಬೆಡ್‌ರೂಮಿನ ಬಾಡಿಗೆ ಮನೆ, ಇರುವುದು ಒಂದೇ ಬಾಲ್ಕನಿ. ಜೊತೆಗೆ ಆರು ವರ್ಷದ ಮಗಳು. ಕೆಲಸ ಮಾಡುವಾಗ ಅವರ ಮುಖ ನೋಡಿದರೆ ನನಗೂ ಖುಷಿ. ಆದರೆ ಈ ವಿಷಯ ನನಗೆ ಏನೂ ಗೊತ್ತಿಲ್ಲ. ಹುಟ್ಟುಹಬ್ಬಕ್ಕೆ ಯಾವ ಮಷಿನ್ ಕೊಡಿಸಲಿ? ಬೇರೆ ಹೇಗೆ ಸಹಾಯ ಮಾಡಲಿ?
— ಹೆಸರು ಬೇಡ, ವಿಜಯನಗರ

ಉತ್ತರ: ಮಷಿನ್ ಬೇಡ. ಹತ್ತರಿ, ಉಳಿ, ಗರಗಸ ಎಲ್ಲವೂ ಅವರವರ ಕೈಗೆ ಹೊಂದಬೇಕು. ಹಿಡಿದು ನೋಡಿ ಅವರೇ ಆರಿಸಲಿ. ನೀವು ಒಂದು ದಿನ ಅವರ ಜೊತೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ಗೆ ಹೋಗಿ ಬನ್ನಿ. ತೇಗವೇ ಆಗಬೇಕೆಂದಿಲ್ಲ. ಕಲಿಯುವವರಿಗೆ ಪೈನ್ ಸಾಕು. ಮೆತ್ತಗಿರುತ್ತದೆ, ಬೆಲೆಯೂ ಎಷ್ಟೋ ಕಡಿಮೆ.

ನಮ್ಮ ಮನೆಯಲ್ಲಿ ಮರಗೆಲಸ ಮಾಡುವವಳು ನಾನು. ನಮ್ಮವರಿಗೆ ಅದರಲ್ಲಿ ಆಸಕ್ತಿ ಇಲ್ಲ. ಆದರೂ ನಾನು ಉದ್ದದ ಹಲಗೆ ಕೊಯ್ಯುವಾಗ ಬಂದು ಇನ್ನೊಂದು ತುದಿ ಹಿಡಿಯುತ್ತಾರೆ. ಹಿಡಿಯುವವರಿಲ್ಲದಿದ್ದರೆ ಆ ತುಂಡು ತನ್ನ ಭಾರಕ್ಕೇ ಜೋತು ಬಿದ್ದು ಕೊನೆಯಲ್ಲಿ ಸಿಗಿದುಹೋಗುತ್ತದೆ. ಹಾಗಂತ ಜಾಸ್ತಿ ಎತ್ತಿದರೆ ಗರಗಸ ಸಿಕ್ಕಿಕೊಳ್ಳುತ್ತದೆ. ಸಮವಾಗಿ ಹಿಡಿಯಬೇಕು. ಇದನ್ನು ಅವರು ನೋಡಿ ನೋಡಿ ಕಲಿತರು. ನನ್ನ ಕೆಲಸಕ್ಕೆ ಅವರು ಬೆಲೆ ಕೊಡುತ್ತಾರೆ ಅಂತ ನನಗೆ ಗೊತ್ತಾಗುವುದೇ ಆಗ. ನೀವೂ ಇಷ್ಟು ಮಾಡಿ. ಮರದ ಬಗ್ಗೆ ಏನೂ ಗೊತ್ತಿರಬೇಕಾಗಿಲ್ಲ.

ಆದರೆ ಧೂಳಿನ ವಿಷಯದಲ್ಲಿ ಹಠ ಹಿಡಿಯಿರಿ. ಮರದ ಧೂಳಿನಿಂದ ಮೂಗಿನ ಕ್ಯಾನ್ಸರ್ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಇದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಉಪ್ಪುಕಾಗದ ಉಜ್ಜುವಾಗ ಏಳುವ ನಯವಾದ ಪುಡಿಯೇ ಜಾಸ್ತಿ ಅಪಾಯ. ಎನ್95 ಮಾಸ್ಕ್ ಹಾಕದೆ ಉಜ್ಜಲು ಬಿಡಬೇಡಿ. ಆಗ ಮಗಳು ಒಳಗಿರಲಿ, ಬಾಲ್ಕನಿ ಬಾಗಿಲು ಮುಚ್ಚಿರಲಿ. ಆಮೇಲೆ ಪೊರಕೆ ಬೇಡ, ಒದ್ದೆ ಬಟ್ಟೆಯಿಂದ ಒರೆಸಿ. ಮರಕ್ಕೆ ಅಗಸೆ ಎಣ್ಣೆ ಹಚ್ಚಲು ಬಳಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಣಗುವಾಗ ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಹುದು. ಬಿಡಿಸಿ, ಹೊರಗೆ ಗಾಳಿಗೆ ಹರಡಿ.

ಕೆಳಗಿನ ಮನೆಯವರ ಹತ್ತಿರ ಮೊದಲೇ ಮಾತಾಡಿ ಸದ್ದಿನ ಕೆಲಸಕ್ಕೆ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ.

ಇನ್ನೊಂದು. ಸುಮ್ನೆ 'ಚೆನ್ನಾಗಿದೆ' ಅನ್ನಬೇಡಿ. ಮನೆಗೆ ನಿಜವಾಗಿ ಬೇಕಾದ್ದನ್ನು ಕೇಳಿ ಮಾಡಿಸಿಕೊಳ್ಳಿ. ಚಪ್ಪಲಿ ಸ್ಟ್ಯಾಂಡ್ ಇರಲಿ, ಮಗಳಿಗೊಂದು ಮಣೆ ಇರಲಿ. ನೀವೇ ಅಳತೆ ಕೊಡಿ. ಅಲುಗಾಡಿದರೆ ಅಲುಗಾಡುತ್ತದೆ ಅಂತಲೇ ಹೇಳಿ. ಕೆಲಸ ಕಲಿಯುವವರಿಗೆ ಅದು ಬೇಕು, ಅಲ್ವಾ?

ಉಡುಗೊರೆ ಕೊಡಲೇಬೇಕು ಅನ್ನಿಸಿದರೆ ಕಲಿಯಲು ಕಳಿಸಿ. ಮಲ್ಲೇಶ್ವರದ 18ನೇ ಕ್ರಾಸಿನಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಅಲ್ಲಿ ಮರಗೆಲಸದ ತರಬೇತಿಗಳು ನಡೆಯುತ್ತವೆ. ಮುಂದಿನ ತರಬೇತಿ ಯಾವಾಗ ಅಂತ ವಿಚಾರಿಸಿ. ಆ ದಿನಗಳಲ್ಲಿ ಮಗಳನ್ನು ಸ್ಕೂಲಿಗೆ ಬಿಡುವುದು, ಕರೆತರುವುದು ನಿಮ್ಮದು ಅಂತ ಅವರಿಗೆ ಈಗಲೇ ಹೇಳಿಬಿಡಿ.