ಒಂಬತ್ತು ತಿಂಗಳ ಮಗುವಿಗೆ ಜ್ವರ, ನೆಗಡಿ ಕೆಮ್ಮು ಇಲ್ಲ: ಮೂತ್ರ ಪರೀಕ್ಷೆ ಬೇಕೇ ಬೇಕಾ?

ಮಗಳಿಗೆ ಮೂರು ದಿನದಿಂದ ಜ್ವರ, ನೆಗಡಿ ಕೆಮ್ಮು ಏನೂ ಇಲ್ಲ, ಡಾಕ್ಟರು ಸಣ್ಣ ನಳಿಕೆ ಹಾಕಿ ಮೂತ್ರ ತೆಗೆದು ಪರೀಕ್ಷೆಗೆ ಕಳಿಸೋಣ ಅಂತಿದ್ದಾರೆ, ಇಷ್ಟು ಚಿಕ್ಕ ಕೂಸಿಗೆ ಅದೆಲ್ಲ ಬೇಕಾ ಅಂತ ಕೇಳಿದ್ದೀರಿ. ಬೇಕು, ಈ ಜ್ವರ ಮೂತ್ರದ ಸೋಂಕಿನಿಂದ ಬಂದಿರಬಹುದು. ನಾನು ಡಾಕ್ಟರಲ್ಲ. ಇದೇ ಪ್ರಶ್ನೆ ಕೇಳ್ತಾ ನಾಲ್ಕು ದಿನ ಹಾಳು ಮಾಡಿದ ಅಪ್ಪ.

ನಮ್ಮ ಮಗಳಿಗೆ ಆಗ ಎಂಟು ತಿಂಗಳು. ಜ್ವರ 39 ಡಿಗ್ರಿ ದಾಟುತ್ತಿತ್ತು, ಔಷಧಿ ಕುಡಿಸಿದರೆ ಇಳಿದು ಮತ್ತೆ ಏರುತ್ತಿತ್ತು. ಹಾಲು ಬೇಡ ಅಂತ ಮುಖ ತಿರುಗಿಸೋಳು, ಎರಡು ಸಲ ವಾಂತಿಯೂ ಆಯಿತು. ಹಲ್ಲು ಬರ್ತಿರಬೇಕು ಅಂದುಕೊಂಡು ಸುಮ್ಮನಿದ್ದೆವು. ದೊಡ್ಡವರಾದರೆ ಉರಿ ಅಂತ ಹೇಳ್ತಾರೆ, ಕೂಸು ಏನಂತ ಹೇಳೀತು? ಈ ವಯಸ್ಸಿನಲ್ಲಿ ಮೂತ್ರದ ಸೋಂಕಿಗೆ ಎಷ್ಟೋ ಸಲ ಜ್ವರವೊಂದೇ ಗುರುತು.

ನಳಿಕೆ ಬೇಡ ಅಂತ ಹಠ ಹಿಡಿದು, ಅಂಟಿಸುವ ಪ್ಲಾಸ್ಟಿಕ್ ಚೀಲದಲ್ಲಿ ಮೂತ್ರ ಹಿಡಿದುಕೊಟ್ಟೆ. ಎರಡು ದಿನ ಬಿಟ್ಟು ಕಲ್ಚರ್ (ಮೂತ್ರದಲ್ಲಿರೋ ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪರೀಕ್ಷೆ) ರಿಪೋರ್ಟ್ ಬಂತು: ಹಲವು ಬಗೆಯ ಬ್ಯಾಕ್ಟೀರಿಯಾ, ಸ್ಯಾಂಪಲ್ ಕೆಟ್ಟಿದೆ, ಮತ್ತೆ ಕಳಿಸಿ. ಚರ್ಮದ ಮೇಲಿನದು, ಮಲದ್ದು ಎಲ್ಲ ಆ ಚೀಲಕ್ಕೆ ಸೇರಿಕೊಳ್ಳುತ್ತೆ. ಚೀಲದ ಮೂತ್ರದಲ್ಲಿ ಏನೂ ಇಲ್ಲ ಅಂತ ಬಂದರೆ ಬಹುಮಟ್ಟಿಗೆ ನಂಬಬಹುದು, ಇದೆ ಅಂತ ಬಂದರೆ ನಂಬೋ ಹಾಗಿಲ್ಲ. ಕೊನೆಗೆ ನಳಿಕೆಯನ್ನೇ ಹಾಕಿಸಿದೆವು. ಒಂದೆರಡು ನಿಮಿಷದ ಕೆಲಸ. ಅತ್ತಳು, ಎತ್ತಿಕೊಂಡ ತಕ್ಷಣ ಸುಮ್ಮನಾದಳು. ಸಿಕ್ಕಿದ್ದು ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾ, ಮಕ್ಕಳ ಮೂತ್ರದ ಸೋಂಕಿಗೆ ಅತಿ ಸಾಮಾನ್ಯ ಕಾರಣ ಅದೇ.

ನಳಿಕೆಯಿಲ್ಲದ ಇನ್ನೊಂದು ದಾರಿಯೂ ಇದೆ. ತೊಳೆದು ಒರೆಸಿ, ತಣ್ಣೀರಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಹೊಕ್ಕುಳ ಕೆಳಗೆ ಮೆಲ್ಲಗೆ ಉಜ್ಜುತ್ತಾ ಸ್ಟೆರೈಲ್ ಡಬ್ಬಿ ಹಿಡಿದು ಕಾಯೋದು. ಮೊದಲು ಬರೋ ಹನಿಗಳನ್ನು ಬಿಟ್ಟು ಆಮೇಲಿನದನ್ನು ಹಿಡೀಬೇಕು. ಮುಂದೊಮ್ಮೆ ಜ್ವರ ಬಂದಾಗ ಹೀಗೆ ಮಾಡಿದೆ. ಫೋನ್ ರಿಂಗಾಯ್ತು ಅಂತ ಡಬ್ಬಿ ಕೆಳಗಿಟ್ಟೆ ನೋಡಿ, ಅದೇ ಕ್ಷಣಕ್ಕೆ ನನ್ನ ಷರ್ಟೆಲ್ಲ ಒದ್ದೆ.

ಆ್ಯಂಟಿಬಯಾಟಿಕ್ ಶುರು ಮಾಡೋ ಮುಂಚೆಯೇ ಸ್ಯಾಂಪಲ್ ಕೊಡಿ. ಒಂದು ಡೋಸ್ ಒಳಗೆ ಹೋದರೂ ಕಲ್ಚರ್‌ನಲ್ಲಿ ಏನೂ ಬೆಳೆಯದೇ ಇರಬಹುದು, ಆಗ ಯಾವ ಔಷಧಿ ನಾಟುತ್ತೆ ಅಂತ ಗೊತ್ತಾಗಲ್ಲ. (ಮಗು ತೀರಾ ಸುಸ್ತಾಗಿದ್ದರೆ ಕಾಯೋ ಮಾತಿಲ್ಲ, ಅದು ಡಾಕ್ಟರ ತೀರ್ಮಾನ.) ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಬಂತು ಅಂದರಂತೂ ನೇರ ಆಸ್ಪತ್ರೆಗೆ.

ಸೋಂಕು ವಾಸಿಯಾದ ಮೇಲೆ ಸ್ಕ್ಯಾನ್ ಮಾಡಿಸಿದರು. ಕಿಡ್ನಿಯಿಂದ ಬರೋ ನಾಳ ಮೂತ್ರಕೋಶದ ಗೋಡೆಯೊಳಗೆ ಓರೆಯಾಗಿ ಇಳಿಯುತ್ತೆ. ಕೋಶ ತುಂಬಿದಾಗ ಅದು ಒತ್ತಿಕೊಂಡು ಮುಚ್ಚಿಹೋಗಬೇಕು. ನಮ್ಮವಳಿಗೆ ಆ ಓರೆ ದಾರಿ ಗಿಡ್ಡ, ಹಾಗಾಗಿ ಮೂತ್ರ ವಾಪಸ್ ಮೇಲಕ್ಕೆ ನುಗ್ಗುತ್ತಿತ್ತು. ಇದು ಎಷ್ಟು ಜೋರಾಗಿದೆ ಅಂತ ಹೇಳೋ ಐದು ಗ್ರೇಡುಗಳಲ್ಲಿ ಇವಳದು ಮೂರನೆಯದು. ಸೋಂಕು ಮೇಲೆ ಮೇಲೆ ಕಿಡ್ನಿಗೆ ತಗುಲಿದರೆ ಕಲೆ ಉಳಿಯುತ್ತೆ ಅನ್ನೋದೇ ಭಯ. ಮಗು ಬೆಳೆದ ಹಾಗೆ ಆ ದಾರಿ ಉದ್ದವಾಗಿ ಎಷ್ಟೋ ಮಕ್ಕಳಲ್ಲಿ ತಾನಾಗೇ ಸರಿಹೋಗುತ್ತೆ, ಇವಳಿಗೂ ಹಾಗೇ ಆಯಿತು. ಅಲ್ಲಿವರೆಗೆ ಡಾಕ್ಟರು ಮೂತ್ರಕ್ಕಿಂತ ಕಕ್ಕದ ವಿಚಾರವೇ ಹೆಚ್ಚು ಕೇಳ್ತಿದ್ದರು! ಮಲಬದ್ಧತೆ ಇದ್ದರೆ ಮೂತ್ರಕೋಶ ಪೂರ್ತಿ ಖಾಲಿಯಾಗಲ್ಲ, ಸೋಂಕು ಮರುಕಳಿಸುತ್ತೆ.

ನಿಮ್ಮ ಮಗುವಿಗೂ ಹೀಗೇ ಇರುತ್ತೆ ಅಂತಲ್ಲ, ಬಹಳ ಮಕ್ಕಳಿಗೆ ಸ್ಕ್ಯಾನ್‌ನಲ್ಲಿ ಏನೂ ಕಾಣಲ್ಲ. ಆದರೆ ಇವತ್ತೇ ಹೋಗಿ. ಹೊರಡೋ ಅರ್ಧ ಗಂಟೆ ಮುಂಚೆ ಹಾಲು ಕುಡಿಸಿ. ಮೂತ್ರಕೋಶ ಖಾಲಿಯಿದ್ದರೆ ನಳಿಕೆ ಹಾಕಿದರೂ ಹನಿ ಬರಲ್ಲ, ನಮ್ಮವಳಿಗೆ ಆ ಕಾರಣಕ್ಕೇ ಎರಡು ಸಲ ಹಾಕಬೇಕಾಯ್ತು.