ಮೂರು ಸಲವೂ 20.4 ಬಂದರೆ ಅದು ಸರಿಯೇ?

ಪ್ರಶ್ನೆ: ದ್ವಿತೀಯ ಪಿಯುಸಿ ಲ್ಯಾಬ್‌ನಲ್ಲಿ 0.05 ಮೋಲಾರ್ (ಸಾರತೆಯ, ಅಂದರೆ ದ್ರಾವಣದಲ್ಲಿ ಎಷ್ಟು ಕರಗಿದೆ ಎಂಬುದರ ಅಳತೆ) ಆಕ್ಸಾಲಿಕ್ ಆಮ್ಲದ ದ್ರಾವಣವನ್ನು ನಾನೇ ತೂಗಿ ತಯಾರಿಸಿದೆ. ಅದರ 20 ಮಿ.ಲೀ.ಗೆ 0.02 ಮೋಲಾರ್ ಪರ್ಮಾಂಗನೇಟನ್ನು ಗುಲಾಬಿ ಬಣ್ಣ ಉಳಿಯುವವರೆಗೆ ಹನಿಹನಿಯಾಗಿ ಬಿಟ್ಟಾಗ ಮೂರು ಸಲವೂ 20.4 ಮಿ.ಲೀ. ಹಿಡಿಯಿತು. ಬರಬೇಕಾದದ್ದು 20.0 ಎಂದರು ಉಪನ್ಯಾಸಕರು. ಮೂರೂ ಒಂದೇ ಬಂದ ಮೇಲೆ ತಪ್ಪು ಹೇಗಾಗುತ್ತದೆ? ರೆಕಾರ್ಡ್‌ನಲ್ಲಿ ‘ಮಾನವ ದೋಷ’ ಎಂದು ಬರೆಯಲೇ?

ಉತ್ತರ: ಬರೆಯಬೇಡಿ. ಪ್ರತಿ ವರ್ಷವೂ ನೂರಾರು ರೆಕಾರ್ಡ್‌ಗಳಲ್ಲಿ ಆ ಎರಡು ಪದಗಳನ್ನು ಓದಿ ನನಗೆ ಬೇಸರ ಬಂದಿದೆ. ಯಾವ ಹಂತದಲ್ಲಿ ತಪ್ಪಿತು, ಅದು ಉತ್ತರವನ್ನು ಹೆಚ್ಚಿಸಿತೋ ತಗ್ಗಿಸಿತೋ ಎಂಬುದನ್ನು ಬರೆಯಿರಿ.

ಮೂರು ರೀಡಿಂಗ್ ಒಂದೇ ಬಂದರೆ ನಿಮ್ಮ ಕೈ ಸ್ಥಿರವಾಗಿದೆ ಎಂದಷ್ಟೇ ಅರ್ಥ. ತೂಕದ ಕಲ್ಲು ಸವೆದಿದ್ದರೆ ಎಷ್ಟು ಸಲ ತೂಗಿದರೂ ಅದೇ ತಪ್ಪು ತೂಕ ಬರುತ್ತದೆ. ಪರ್ಮಾಂಗನೇಟನ್ನು ಅಳೆದು ಬಿಡುವ ಗಾಜಿನ ಕೊಳವೆ ಬ್ಯುರೆಟ್ಟಿನ ತುದಿಯಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆ, ತೆಗೆಯಲು ಮರೆತ ಆಲಿಕೆಯಿಂದ ಜಾರಿದ ಹನಿ ಇವು ರೀಡಿಂಗುಗಳನ್ನು ಚದುರಿಸುತ್ತವೆ. ನಿಮ್ಮವು ಚದುರಿಲ್ಲ, ಒಟ್ಟಾಗಿ ಮೇಲಕ್ಕೆ ಸರಿದಿವೆ. ಹಾಗಾಗಿ ಮೂರು ಸಲವೂ ಜೊತೆಗಿದ್ದ ಕಾರಣವನ್ನೇ ಹುಡುಕಬೇಕು.

ಅದಕ್ಕೊಂದು ಉಪಾಯವಿದೆ. 20ರ ಬದಲು 10 ಮಿ.ಲೀ. ಆಕ್ಸಾಲಿಕ್ ಆಮ್ಲ ತೆಗೆದುಕೊಂಡು ಮತ್ತೊಮ್ಮೆ ಮಾಡಿ. 10.2 ಬಂದರೆ ತಪ್ಪೂ ಅರ್ಧವಾಯಿತು, ಅಂದರೆ ದೋಷ ದ್ರಾವಣದ ಸಾರತೆಯಲ್ಲಿದೆ. 10.4 ಬಂದರೆ ಪ್ರತಿ ಸಲವೂ ಅದೇ 0.4 ಸೇರುತ್ತಿದೆ ಎಂದಾಯಿತು. ಒಂದು ಹನಿ ಸುಮಾರು 0.05 ಮಿ.ಲೀ., ಆದ್ದರಿಂದ ನೀವು ಎಂಟು ಹನಿ ದಾಟಿ ಗಾಢ ಗುಲಾಬಿಗೆ ನಿಲ್ಲಿಸುತ್ತಿದ್ದೀರಿ. ಅರ್ಧ ನಿಮಿಷ ಉಳಿಯುವ ತೆಳು ಗುಲಾಬಿಯೇ ಕೊನೆಯ ಬಿಂದು.

ನನ್ನ ಅನುಮಾನವಿರುವುದು ನಿಮ್ಮ ತಕ್ಕಡಿಯ ಮೇಲೆ. 100 ಮಿ.ಲೀ.ಗೆ ಬೇಕಾದದ್ದು 0.63 ಗ್ರಾಂ. 0.01 ಗ್ರಾಂವರೆಗೆ ಮಾತ್ರ ತೋರಿಸುವ ತಕ್ಕಡಿಯಲ್ಲಿ ಕೊನೆಯ ಅಂಕಿ ಒಂದು ಹೆಚ್ಚಾದರೂ ಶೇ. 1.6 ತಪ್ಪು. ಫ್ಲಾಸ್ಕಿನ ಗೆರೆಗೆ ಸ್ವಲ್ಪ ಕೆಳಗೇ ನೀರು ನಿಲ್ಲಿಸಿದ್ದರೆ ಶೇ. 2 ಆಗಿಯೇ ಹೋಯಿತು. 250 ಮಿ.ಲೀ. ಫ್ಲಾಸ್ಕಿನಲ್ಲಿ 1.575 ಗ್ರಾಂ ಲೆಕ್ಕದಲ್ಲಿ ತಯಾರಿಸಿ, ಅದೇ 0.01 ಗ್ರಾಂ ತಪ್ಪು ಶೇ. 0.6ಕ್ಕೆ ಇಳಿಯುತ್ತದೆ. ಬ್ಯುರೆಟ್ಟನ್ನು ನೀರಿನಲ್ಲಿ ತೊಳೆದು, ಪರ್ಮಾಂಗನೇಟಿನಿಂದ ಜಾಲಿಸದೆ ತುಂಬಿದ್ದರೂ ದ್ರಾವಣ ತೆಳುವಾಗಿ ರೀಡಿಂಗ್ ಏರುತ್ತದೆ. ಆಕ್ಸಾಲಿಕ್ ಆಮ್ಲವನ್ನು ಹಾಕಿಕೊಳ್ಳುವ ಕೋನಿಕಲ್ ಫ್ಲಾಸ್ಕಿನ ವಿಷಯ ಇದಕ್ಕೆ ತದ್ವಿರುದ್ಧ: ಅದನ್ನು ಆಕ್ಸಾಲಿಕ್ ಆಮ್ಲದಿಂದ ಜಾಲಿಸಿದರೆ ಲೆಕ್ಕಕ್ಕಿಲ್ಲದ ಆಮ್ಲ ಒಳಗೆ ಉಳಿಯುತ್ತದೆ. ನೀರು ಉಳಿದರೆ ಚಿಂತೆಯಿಲ್ಲ.

ಪ್ರಶ್ನೆ: ಟ್ಯೂಷನ್‌ನಲ್ಲಿ ಬರೆದುಕೊಳ್ಳಬೇಕಾದ ರೀಡಿಂಗುಗಳ ಪಟ್ಟಿ ಕೊಟ್ಟಿದ್ದಾರೆ. ಬಳಸಬಹುದೇ?

ಉತ್ತರ: ಹರಿದು ಹಾಕಿ. ಪರ್ಮಾಂಗನೇಟ್ ದ್ರಾವಣ ಇಟ್ಟಲ್ಲಿಯೇ ನಿಧಾನವಾಗಿ ಕೆಡುತ್ತದೆ, ಅದಕ್ಕಾಗಿಯೇ ಆಕ್ಸಾಲಿಕ್ ಆಮ್ಲದ ಎದುರು ಅದರ ಸಾರತೆ ಅಳೆಯುತ್ತೇವೆ. ಇಂದಿನ ಬಾಟಲಿಗೆ ಹಳೆಯ ಪಟ್ಟಿ ಹೊಂದುವುದು ಹೇಗೆ? ಇಂಥ ಪಟ್ಟಿ ಮಾರುವವರು ಮಕ್ಕಳಿಗೆ ಸುಳ್ಳು ಬರೆಯುವುದನ್ನು ಕಲಿಸುತ್ತಿದ್ದಾರೆ.

ಪ್ರಶ್ನೆ: ಆಕ್ಸಾಲಿಕ್ ಆಮ್ಲದ ಜೊತೆ ಸೇರಿಸುವ ಸಲ್ಫ್ಯೂರಿಕ್ ಆಮ್ಲದ ಬದಲು ಹೈಡ್ರೋಕ್ಲೋರಿಕ್ ಆಮ್ಲ ಹಾಕಬಹುದೇ?

ಉತ್ತರ: ಕೂಡದು. ಪರ್ಮಾಂಗನೇಟ್ ಅದರಿಂದ ಕ್ಲೋರಿನ್ ಬಿಡಿಸುವುದರಲ್ಲೂ ಖರ್ಚಾಗುತ್ತದೆ.

ಪ್ರಶ್ನೆ: ದ್ರಾವಣ ಕಂದು ಬಣ್ಣಕ್ಕೆ ತಿರುಗಿತು. ಮುಂದುವರಿಸಲೇ?

ಉತ್ತರ: ಚೆಲ್ಲಿ ಮತ್ತೆ ಆರಂಭಿಸಿ. ಸಲ್ಫ್ಯೂರಿಕ್ ಆಮ್ಲ ಸಾಲದೆ ಮ್ಯಾಂಗನೀಸ್ ಡೈಆಕ್ಸೈಡ್ ಆಗಿದೆ, ಅಥವಾ ನೀವು ಅವಸರದಲ್ಲಿ ಸುರಿದಿದ್ದೀರಿ. ಆಕ್ಸಾಲಿಕ್ ಆಮ್ಲವನ್ನು 60–70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ, ಮೊದಲ ಹನಿಗಳ ಬಣ್ಣ ಹೋಗುವವರೆಗೆ ಕಾಯಿರಿ. ಕುದಿಸಬೇಡಿ.

ಪ್ರಶ್ನೆ: ಆಕ್ಸಾಲಿಕ್ ಆಮ್ಲವನ್ನು ಅಳೆಯುವ ಗಾಜಿನ ಕೊಳವೆ ಪಿಪೆಟ್ಟನ್ನು ಬಾಯಿಂದ ಎಳೆದರೆ ವೇಗವಾಗುತ್ತದಲ್ಲವೇ? ಕೊನೆಯ ಹನಿಯನ್ನು ಊದಬೇಕೇ?

ಉತ್ತರ: ಆಕ್ಸಾಲಿಕ್ ಆಮ್ಲ ವಿಷ. ರಬ್ಬರ್ ಬಲ್ಬ್ ಇಲ್ಲವೆಂದರೆ ಆ ದಿನ ಪ್ರಯೋಗವನ್ನೇ ಮಾಡಬೇಡಿ, ಉಪನ್ಯಾಸಕರಿಗೆ ನನ್ನ ಈ ಉತ್ತರ ತೋರಿಸಿ. ತುದಿಯಲ್ಲಿ ಉಳಿಯುವ ಹನಿಯನ್ನು ಊದಬೇಡಿ, ಅದನ್ನು ಬಿಟ್ಟೇ ಪಿಪೆಟ್ಟಿನ ಅಳತೆ ಗುರುತಿಸಿರುತ್ತಾರೆ.